ಸಂಜೆಯ ತನಕ ಓಡುವ ಬ್ಯಾಟರಿ

ಆಕೆಯನ್ನು ಕೊಂದದ್ದು ದೊಡ್ಡ ಬ್ಯಾಟರಿ. ಡಾಕ್ಟರು ಬೇರೆ ಹೇಳಿದರು, ಮೂತ್ರದ ಸೋಂಕು ರಕ್ತಕ್ಕೆ ಏರಿತು ಅಂತ. ಅದು ಸುಳ್ಳೇನಲ್ಲ. ಆದರೆ ಸೋಂಕು ಎಲ್ಲಿಂದ ಬಂತು ಎಂದು ಡಾಕ್ಟರು ಕೇಳಲಿಲ್ಲ. ಸಣ್ಣ ಬ್ಯಾಟರಿಯ ಕಾರು ಕೊಂಡಿದ್ದರೆ ಮಧ್ಯಾಹ್ನಕ್ಕೆ ಚಾರ್ಜು ತೀರುತ್ತಿತ್ತು. ಮನೆಗೆ ಬಂದು, ಬಚ್ಚಲಿಗೆ ಹೋಗಿ, ಒಂದು ತಂಬಿಗೆ ನೀರು ಕುಡಿದು, ಎರಡು ರೊಟ್ಟಿ ತಿನ್ನುತ್ತಿದ್ದಳು. ದೊಡ್ಡದನ್ನು ಕೊಂಡಳು. ಸಂಜೆಯ ತನಕ ಓಡಿಸಿದಳು. ಸತ್ತಳು.

ಬಿಲ್ಡಿಂಗಿನ ಜನ ಮೆಟ್ಟಿಲ ಮೇಲೆ ನಿಂತು ಹಣೆಬರಹ ಅನ್ನುತ್ತಾರೆ. ಹಣೆಬರಹಕ್ಕೆ ಕಾರು ನಡೆಸಲು ಬರುವುದಿಲ್ಲ.

ಆಕೆಯ ಹೆಸರು ಇಲ್ಲಿ ಬೇಡ. ಕೋಥರೂಡಿನಲ್ಲಿ ನಮ್ಮ ಎದುರು ಬಾಗಿಲಿನವಳು ಅಂದರೆ ಸಾಕು. ಅಕ್ಕಲಕೋಟದ ಕಡೆಯವರು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಂಡ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆಕೆ ಸ್ಕೂಲ್ ವ್ಯಾನ್ ನಡೆಸುತ್ತಿದ್ದಳು. ಹೆಂಗಸು ವ್ಯಾನ್ ನಡೆಸುವುದನ್ನು ಮೊದಲ ಸಲ ಕಂಡಾಗ ನಾನು ಗೇಟಿಗೆ ಅಡ್ಡ ನಿಂತು, ನನ್ನ ಮೊಮ್ಮಗಳನ್ನು ಕಳಿಸುವುದಿಲ್ಲ ಎಂದೆ. ಆಕೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು.

"ಅಕ್ಕಾರ, ನಿಮ್ಮ ಮೊಮ್ಮಗಳು ಆಗಲೇ ಒಳಗ ಕೂತಾಳ. ಈಗ ನೀವು ದಾರಿ ಬಿಡ್ರಿ, ಇಲ್ಲಾಂದ್ರ ನೀವೂ ಹತ್ರಿ. ನಾಕ ಅಕ್ಷರಾ ಕಲತು ಬರೀರಂತ."

ನಾನು ಓದಿದ್ದು ನಾಲ್ಕನೆಯ ಇಯತ್ತೆ ತನಕ ಎಂದು ಆಕೆಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದಳು. ದಾರಿ ಬಿಟ್ಟೆ.

ಕುಳ್ಳಿ, ಕೈ ಮಾತ್ರ ಗಂಡಸರ ಕೈ ಹಾಗೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಡುತ್ತಿದ್ದಳು, ಬಿಸಿಲಿಗೆ ಅಂತ. ವ್ಯಾನ್ ಬಿಡುವ ಮೊದಲು ಕನ್ನಡಿ ನೋಡಿ, "ಎಲ್ಲಾರೂ ಕೂತ್ರ್ಯಾ?" ಎಂದು ಕೂಗುವಳು. ಆ ರೂಢಿ ಆಕೆಯ ಮೈಗೇ ಹತ್ತಿಬಿಟ್ಟಿತ್ತು. ಮನೆಗೆ ಊಟಕ್ಕೆ ಕರೆದರೂ ಬಡಿಸುವ ಮೊದಲು "ಎಲ್ಲಾರೂ ಕೂತ್ರ್ಯಾ?" ಹಂಚಿನ ಮೇಲೆ ರೊಟ್ಟಿ ಹಾಕಿ ಒಮ್ಮೆ ತಲೆ ಎತ್ತಿ ಎಡಕ್ಕೆ ಮೇಲೆ ನೋಡುವಳು. ಅಲ್ಲಿ ಕನ್ನಡಿ ಇಲ್ಲ, ಖಾರದ ಪುಡಿ ಡಬ್ಬಿಗಳ ಸಾಲು. ಮಕ್ಕಳಾಗಲಿಲ್ಲ. ಅದಕ್ಕಾಗಿ ಆಕೆ ಅತ್ತದ್ದನ್ನು ನಾನಂತೂ ನೋಡಿಲ್ಲ.

ಗಂಡ ರಿಟೈರ್ ಆಗಿ ಸ್ವಲ್ಪ ಕಾಲಕ್ಕೆ ಮರೆಯತೊಡಗಿದರು. ಮೊದಲು ಚಪ್ಪಲಿ ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಹೆಂಡತಿಯನ್ನು. ಡ್ಯೂಟಿ ಒಂದನ್ನು ಮರೆಯಲಿಲ್ಲ. ಬೆಳಗಾದರೆ ಖಾಕಿ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುವರು. "ಹೊತ್ತಾತು. ಗಾಡಿ ಬಿಡಬೇಕು." ಬಾಗಿಲು ತೆಗೆಯದಿದ್ದರೆ ಬಡಿಯುವರು, ಅಡ್ಡ ಬಂದವರನ್ನೂ ಬಡಿಯುವರು. ಮದುವೆಯಾದಾಗಿನಿಂದ ಕೈ ಎತ್ತದ ಮನುಷ್ಯ. ಆಕೆಯ ಮೊಣಕೈ ತನಕ ಕಪ್ಪುಗಟ್ಟಿದ್ದನ್ನು ನಾನು ಕಂಡು ಕೇಳಿದೆ. "ಗರ್ದಿಯೊಳಗ ಹಿಂಗ ಆಗ್ತಿರ್ತದ ಅಕ್ಕಾರ," ಎಂದು ತೋಳು ಇಳಿಸಿಕೊಂಡಳು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ತಿಂದು ಬಚ್ಚಲಲ್ಲಿ ಬಿದ್ದರು. ಆಕೆ ಗುಳಿಗೆ ಬಿಡಿಸಿದಳು.

ಡಾಕ್ಟರ ಹತ್ತಿರ ರಿಕ್ಷಾದಲ್ಲಿ ಒಯ್ಯುವಾಗ ಆಕೆಗೆ ಗೊತ್ತಾಯಿತು. ರಿಕ್ಷಾ ಚಾಲೂ ಆದದ್ದೇ ತಡ, ಆ ಮನುಷ್ಯ ಹಸುಗೂಸಿನ ಹಾಗೆ ತೆಪ್ಪಗಾದರು. ಡ್ಯೂಟಿ ಮೇಲಿದ್ದಾರಲ್ಲ! ಗಾಡಿ ಓಡುತ್ತಿದ್ದರೆ ಅವರ ತಲೆಯೊಳಗಿನ ಎಲ್ಲಾ ಸಾಮಾನು ತನ್ನ ತನ್ನ ಜಾಗಕ್ಕೆ ಕೂರುತ್ತಿತ್ತು. ಮನೆಗೆ ಬಂದು ಇಳಿದರೆ ಮತ್ತೆ ಬಾಗಿಲು ಬಡಿತ.

ಕೆಲವು ದಿನ ರಿಕ್ಷಾದಲ್ಲೇ ಸುತ್ತಿಸಿದಳು. "ಕುಠೇ ಜಾಯ್ಚಂ?" ಎಂದು ರಿಕ್ಷಾದವರು ಎಲ್ಲಿಗೆಂದು ಕೇಳಿದರೆ, ಎಲ್ಲಿಗೂ ಇಲ್ಲ ಅನ್ನುವಳು. ಮೊದಮೊದಲು ಖುಷಿಯಿಂದ ಮೀಟರ್ ಹಾಕಿದರು. ಹಿಂದೆ ಕೂತ ಮುದುಕ ಭುಜ ತಟ್ಟಿ, ನೀ ಯಾಕೆ ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ ಎಂದು ಬೈಯುತ್ತಿದ್ದರೆ ಯಾರು ತಾಳುತ್ತಾರೆ? ನಮ್ಮ ಗಲ್ಲಿಯ ರಿಕ್ಷಾದವರು ಆಕೆಯನ್ನು ಕಂಡರೆ ಗಾಡಿ ತಿರುಗಿಸತೊಡಗಿದರು. ವ್ಯಾನನ್ನು ಅಷ್ಟರಲ್ಲಿ ಮಾರಿಬಿಟ್ಟಿದ್ದಳು. ಬೇರೆ ಗಾಡಿ ತಂದು ದಿನವಿಡೀ ಪೆಟ್ರೋಲ್ ಸುಡುವ ತಾಕತ್ತು ಪೆನ್ಶನ್ನಿನಲ್ಲಿ ಇಲ್ಲ. ತವರಿನ ಹೊಲದ ತನ್ನ ಪಾಲನ್ನು ತಮ್ಮನಿಗೇ ಮಾರಿ, ಆ ದುಡ್ಡಿನಲ್ಲಿ ಕರೆಂಟಿನ ಕಾರು ತರುತ್ತೇನೆ ಎಂದಳು. ಈ ತಮ್ಮ ಬಾರಾಮತಿಯಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿದ್ದಾನೆ. ಅವನು ಬಂದು ಲೋಣಾವಳಾದ ಆಚೆ ಇಂಥವರನ್ನು ಇಟ್ಟುಕೊಳ್ಳುವ ಮನೆಯೊಂದು ಇದೆ, ಅಲ್ಲಿ ಬಿಡೋಣ ಎಂದಿದ್ದ. ಆಕೆ ಹೋಗಿ ನೋಡಿ ಬಂದಳು. "ಚೊಕ್ಕ ಅದ. ಮಂದಿನೂ ಚಲೋ ಇದ್ದಾರ. ಖರೆ, ಹೊರಗಿನ ಬಾಗಲಕ್ಕ ಕೀಲಿ ಹಾಕ್ತಾರ," ಎಂದು ಅಷ್ಟೇ ಹೇಳಿದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಕಾರಿನ ಅಂಗಡಿಗೆ ನನ್ನನ್ನೂ ಕರೆದೊಯ್ದಳು. ಗಂಡನನ್ನು ಹಿಡಿದುಕೊಳ್ಳಲು ಜನ ಬೇಕಿತ್ತು. ಕಾರು ತೋರಿಸುವವನು ಬೆಳಗಾವಿ ಕಡೆಯವನು, ನಮ್ಮ ಮಾತು ಕೇಳಿ ಕನ್ನಡಕ್ಕೆ ಇಳಿದ.

"ಕಾಕೂ, ಗಾಡಿ ಒಂದ, ಬ್ಯಾಟರಿ ಎರಡು ನಮೂನಿ ಅದಾವ್ರಿ. ಸಣ್ಣದು, ದೊಡ್ಡದು. ದೊಡ್ಡದಕ್ಕ ರೊಕ್ಕಾ ಜಾಸ್ತಿ. ದಿನಾ ಎಷ್ಟು ಕಿಲೋಮೀಟರ್ ಓಡಾಡ್ತೀರಿ?"

"ಕಿಲೋಮೀಟರ್ ಗೊತ್ತಿಲ್ಲಪಾ. ಮುಂಜಾನಿಂದ ಸಂಜೀತನಕ."

"ಅಂದ್ರ ಎಲ್ಲಿಗಿ ಹೋಗ್ತೀರಿ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲಂದ್ರ ಸಣ್ಣದು ಸಾಕಲ್ರೀ!" ಎಂದು ಅವನು ನಕ್ಕ. ಆಕೆ ನಗಲಿಲ್ಲ. "ನಡುವ ನಿಲ್ಲಲಾರದಂಗ ಎಷ್ಟು ತಾಸು ಓಡ್ತದ, ಅದನ್ನ ಹೇಳು" ಎಂದಳು.

ತಾಸಿನ ಲೆಕ್ಕದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲವಂತೆ. ಮೊಬೈಲ್ ತೆಗೆದು ಒತ್ತತೊಡಗಿದ. ಅಷ್ಟರಲ್ಲಿ ಈ ಕಡೆ ಅವಾಂತರ. ಪ್ರದರ್ಶನಕ್ಕೆ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ನಾನು ಅವರನ್ನು ಕೂರಿಸಿಕೊಂಡು ಕೂತಿದ್ದೆ. ಅವರು ಮುಂದಿನ ಸೀಟಿನ ಬೆನ್ನಿಗೆ ಎರಡು ಸಲ ಬಡಿದರು. ಗಂಟೆ ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ಹೊರಡು, ಅದು ಕಂಡಕ್ಟರರ ಕಾನೂನು. ಕಾರು ಹೊರಡಲಿಲ್ಲ. ಮತ್ತೆ ಎರಡು ಬಡಿದರು. ಹೊರಡಲಿಲ್ಲ. ನಿಂತ ಗಾಡಿ ಅಂದರೆ ಅವರಿಗೆ ಕೊನೆಯ ಸ್ಟಾಪು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಇಳಿದು ಕಂಟ್ರೋಲರನ ಕೋಣೆಗೆ ಹೋಗಿ ಗಾಡಿ ಬಂದ ವೇಳೆ ಬರೆಸಬೇಕು. ಅವರು ಇಳಿದರು, ನನ್ನನ್ನು ಒಂದು ಚೀಲವನ್ನು ಸರಿಸಿದಂತೆ ಸರಿಸಿ, ಗಾಜಿನ ಬಾಗಿಲು ದಾಟಿ ರಸ್ತೆಗೇ ನಡೆದರು. ಆಕೆ ಓಡಿ ಹೋಗಿ ತಂದಳು.

ಬೆಳಗಾವಿಯವನ ನಗೆ ನಿಂತಿತ್ತು. ತಗ್ಗಿದ ದನಿಯಲ್ಲಿ ಹೇಳಿದ, "ಕಾಗದದ ಮ್ಯಾಲೆ ಬರದಿದ್ದ ಕಿಲೋಮೀಟರ್ ನಂಬಬ್ಯಾಡ್ರಿ ಕಾಕೂ. ಎಸಿ ಹಾಕ್ತೀರಿ, ಘಾಟ್ ಏರ್ತೀರಿ, ಮೂರರಾಗ ಒಂದು ಪಾಲು ಹೋತು ಅಂತ ತಿಳ್ಕೋರಿ. ಊರಾಗ ಸಾವಕಾಶ ಹೊಡದ್ರ ಸಣ್ಣದೂ ದಿನಪೂರ್ತಿ ಬರ್ತದ."

"ಊರಾಗ ಸಿಗ್ನಲ್ ಅದಾವ. ನಿಂತ್ರ ಇವರು ಇಳೀತಾರ. ನನಗ ಖುಲ್ಲಾ ರಸ್ತಾ ಬೇಕು. ಬೈಪಾಸ್, ಪೌಡ್ ರೋಡ್, ಲೋಣಾವಳಾದ ಹಳೇ ರಸ್ತಾ."

"ಹಂಗ ಓಡಿಸಿದ್ರ ಸಣ್ಣದು ಮಧ್ಯಾಹ್ನದ ಊಟದತನಕ ನೋಡ್ರಿ. ದೊಡ್ಡದು ದೀಪಾ ಹಚ್ಚೂತನಕ. ನಡುವ ಒಂದು ತಾಸು ಚಾರ್ಜಿಗೆ ಹಚ್ಚಿ ಚಹಾ ಕುಡೀಬಹುದಲ್ರೀ?"

"ತಾಸು ದೂರ ಉಳೀತಪಾ. ನೀನ ಈಗ ನೋಡಿದಿ."

ಬಿಲ್ಡಿಂಗಿನ ಮೆಟ್ಟಿಲು ಏರುತ್ತಾ ನಾನು ಹೇಳಿದೆ, "ಸಣ್ಣದು ತೊಗೊ."

"ಯಾಕ್ರಿ?"

"ಮಧ್ಯಾಹ್ನಕ್ಕ ಖಾಲಿ ಆಗ್ತದ. ಆವಾಗರೆ ಮನಿಗೆ ಬರ್ತಿ."

"ಬಂದ ಮ್ಯಾಲೆ ಸಂಜೀತನಕ ಬಾಗಲಾ ಯಾರು ಹಿಡೀತಾರ? ನೀವಾ?"

ನಾನು ಎಪ್ಪತ್ತು ದಾಟಿದವಳು, ಅವರು ಎತ್ತಿನಂಥ ಆಳು. ನಾನು ಹಿಡಿಯುತ್ತೇನೆ ಎಂದು ಸುಳ್ಳು ಹೇಳಲಿಲ್ಲ. "ಯಾರನ್ನರೆ ಇಡು. ತಮ್ಮಗ ಹೇಳು. ಬಿಲ್ಡಿಂಗಿನಾಗ ಇಷ್ಟು ಮಂದಿ ಗಂಡಸರು ಅದಾರ, ಪಾಳಿ ಹಚ್ಚು. ಇವರ ಮಕ್ಕಳನ್ನೆಲ್ಲಾ ನೀನ ಸಾಲಿಗೆ ಮುಟ್ಟಿಸೀಯಲ್ಲ."

"ಮುಟ್ಟಿಸಿದ್ದಕ್ಕ ಪಗಾರ ಕೊಟ್ಟಾರ. ಅದು ಅಲ್ಲಿಗೇ ಮುಗೀತು. ದೊಡ್ಡದು ತೊಗೊಂಡ್ರ ಯಾರನ್ನೂ ಕೇಳೂ ಪ್ರಸಂಗ ಇಲ್ಲ ಅಕ್ಕಾರ."

"ಕೇಳಿದ್ರ ನಿನ್ನ ಬಾಯಿ ಸವೀತದೇನು?"

"ಹೂಂ, ಸವೀತದ," ಎಂದು ಬಾಗಿಲು ತೆರೆದು ಒಳಗೆ ಹೋದಳು.

ದೊಡ್ಡದು ಬಂತು. ಪಾರ್ಕಿಂಗಿನಲ್ಲಿ ಚಾರ್ಜರ್ ಕೂರಿಸಲು ಸೊಸಾಯಿಟಿಯ ಚೇರ್ಮನ್ ಒಪ್ಪಲಿಲ್ಲ, ಬ್ಯಾಟರಿ ಸಿಡಿದು ಬೆಂಕಿ ಹತ್ತಿದರೆ ಯಾರು ಹೊಣೆ ಅಂತ. ಆಕೆ ಎಲ್ಲರ ಎದುರು ಮರಾಠಿಯಲ್ಲಿ ಹೇಳಿದಳು: "ನಿಮ್ಮ ಇಬ್ಬರೂ ಮಕ್ಕಳನ್ನು ಗ್ಯಾಸ್ ಮೇಲೆ ಓಡುವ ವ್ಯಾನಿನಲ್ಲಿ ಹೊತ್ತು ತಿರುಗಿದ್ದೇನೆ. ಒಂದನ್ನಾದರೂ ಸುಟ್ಟು ಮನೆಗೆ ಕಳಿಸಿದೆನೇನು?" ಚಾರ್ಜರ್ ಕೂತಿತು. ಇಂಥ ಬಾಯಿ ಇದ್ದವಳಿಗೆ ಎರಡು ತಾಸು ಬಂದು ಕೂತುಕೊಳ್ಳಿ ಎಂದು ಒಬ್ಬರಿಗೆ ಹೇಳಲು ಬಾಯಿ ಬರಲಿಲ್ಲ. ಬೈಯುವುದಕ್ಕೆ ಒಂದು ಬಾಯಿ, ಬೇಡುವುದಕ್ಕೆ ಬೇರೆ ಬಾಯಿ.

ಬೆಳಗ್ಗೆ ತಿಂಡಿ ತಿನ್ನಿಸಿ ಹೊರಡುವರು. ಅವರು ಹಿಂದೆ, ಆಕೆ ಮುಂದೆ. ಎಲ್ಲೋ ಮರ ಕಂಡರೆ, ಅಂಗಡಿ ಕಂಡರೆ, ಅವರು ಸ್ಟಾಪಿನ ಹೆಸರು ಕೂಗಿ ಒಂದು ಬಡಿಯುವರು. ಆಕೆ ನಿಧಾನ ಮಾಡುವಳು. ಎರಡು ಬಡಿದರೆ ಮುಂದೆ. ಊರೊಳಗಿನ ಸ್ಟಾಪುಗಳಾದ ಡೆಕ್ಕನ್, ಸ್ವಾರಗೇಟ್ ಎಲ್ಲವೂ ಆ ಬೋಳು ರಸ್ತೆಯ ಮೇಲೆ ಬಂದು ಹೋಗುತ್ತಿದ್ದವು. ಆಕೆಯನ್ನು "ಡ್ರೈವರ್" ಎಂದು ಕರೆಯುತ್ತಿದ್ದರು. ಸಂಜೆ ತಿರುಗಿ ಬಂದಾಗ ಗೇಟಿನ ವಾಚ್‌ಮನ್ನನೇ ಕಂಟ್ರೋಲರ್. ಅವನು ಎದ್ದು ನಿಂತು ಸಲಾಮು ಹೊಡೆದು, "ಎಂಟ್ರಿ ಝಾಲೀ ಸಾಹೇಬ, ಘರೀ ಜಾ" ಎಂದು, ಬರೆದುಕೊಂಡೆ ಮನೆಗೆ ಹೋಗಿ ಅನ್ನುವನು. ಅಲ್ಲಿಗೆ ಡ್ಯೂಟಿ ಮುಗಿದು ಉಂಡು ಮಲಗುವರು.

ಒಂದು ಸಂಜೆ ಅವರು ನನಗೆ ಹೇಳಿದರು, "ನಮ್ಮ ಡ್ರೈವರ್ ಭಾಳ ಚಲೋ ಮನಶ್ಯಾ. ದಡಕಿ ಹೊಡೆಯಂಗಿಲ್ಲ. ನಿಂತ ಪ್ಯಾಸೆಂಜರ್ ಅಳ್ಳಾಡಂಗಿಲ್ಲ."

ಆಕೆ ಕೀಲಿ ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು. "ಕೇಳಿದ್ರೇನ್ರಿ ಅಕ್ಕಾರ? ಲಗ್ನ ಆದಾಗಿಂದ ನನ್ನ ಹೊಗಳಿದ್ದು ಇದ ಮೊದಲು. ಅದೂ ಗಂಡಸು ಅಂತ ತಿಳದು," ಎಂದು ಗೋಡೆ ಹಿಡಿದು ನಕ್ಕಳು. ಆಗ ಆಕೆಯ ಪಾದ ನೋಡಿದೆ. ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು.

ನೀರು ಕುಡಿಯುತ್ತೀಯೇನು ಎಂದು ಕೇಳಿದೆ. "ಕುಡದ್ರ ನಿಲ್ಲಬೇಕಾಗ್ತದ" ಎಂದಳು.

ಮರುವಾರ ನಾನೇ ಹಟ ಮಾಡಿ ಜೊತೆಗೆ ಹೋದೆ. ನಾನು ಹಿಡಿದುಕೊಂಡಿರುತ್ತೇನೆ, ನೀನು ಎಲ್ಲಾದರೂ ನಿಲ್ಲಿಸಿ ಹೋಗಿ ಬಾ ಎಂದೆ. ಲೋಣಾವಳಾದ ಹತ್ತಿರ ಒಂದು ಚಿಕ್ಕಿ ಅಂಗಡಿಯ ಮುಂದೆ ನಿಲ್ಲಿಸಿ ಅಂಗಡಿಯ ಹಿಂದಕ್ಕೆ ಓಡಿದಳು. ಕಾರಿನ ಹಿಂದಿನ ಬಾಗಿಲು ಲಾಕ್ ಆಗಿತ್ತು. ಅವರು ಮೊದಲು ಸೀಟು ಬಡಿದರು, ಆಮೇಲೆ ಗಾಜು, ಆಮೇಲೆ ನನ್ನನ್ನು ದಾಟಿ ಮುಂದಿನ ಸೀಟಿಗೆ ತೂರಿ ಆ ಬಾಗಿಲು ತೆಗೆದರು. ನಾನು ಅಂಗಿ ಹಿಡಿದೆ. "ಪ್ಯಾಸೆಂಜರ್ ಕೆಳಗೆ ಇಳಿಯಬಾರದು!" ಎಂದು ಮರಾಠಿಯಲ್ಲಿ ಗದರಿಸಿ ನನ್ನ ಕೈ ತಿರುವಿದರು. ಮಳೆ ಸುರಿಯುತ್ತಿತ್ತು. ರಸ್ತೆಯ ನಡುವೆ ಕಂಟ್ರೋಲರನನ್ನು ಹುಡುಕುತ್ತಾ ನಿಂತರು. ಟ್ರಕ್ಕಿನವನು ಬ್ರೇಕ್ ಒತ್ತಿದ ಸದ್ದಿಗೆ ಆಕೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು. ಹೋದ ಕೆಲಸ ಆಗಿರಲಿಲ್ಲ, ಸೀರೆ ಒದ್ದೆಯಾಗಿತ್ತು, ಮಳೆಯದೋ ಏನೋ ನಾನು ಕೇಳಲಿಲ್ಲ. ಟ್ರಕ್ಕಿನವನು ಬೈಯುತ್ತಲೇ ಇದ್ದ. ಅವರನ್ನು ಒಳಗೆ ತಳ್ಳಿ, ಕೂತು, ಕನ್ನಡಿ ನೋಡಿ ಗಾಡಿ ಬಿಟ್ಟಳು. ಘಾಟು ಇಳಿದೆವು. ಆಮೇಲೆ, "ಇನ್ನ ನಡುವ ನಿಲ್ಲಂಗಿಲ್ಲ" ಎಂದಳು. ನನಗಲ್ಲ, ರಸ್ತೆಗೆ.

ಆ ದಿನದಿಂದ ಬೆಳಗ್ಗೆ ಅರ್ಧ ಲೋಟ ಚಹಾ, ಮತ್ತೆ ಸಂಜೆಯ ತನಕ ಏನೂ ಇಲ್ಲ. ಊಟವೂ ಬಿಟ್ಟಳು, ಉಂಡರೆ ನೀರಡಿಕೆ ಆಗುತ್ತದೆ ಅಂತ. ಬೇಸಿಗೆ ಬಂತು. ಉರಿ, ಚಳಿ, ಸೊಂಟನೋವು. ನಾನು ಜೀರಿಗೆ ನೀರು, ಸಬ್ಬಸಿಗೆ ನೀರು ಕೊಟ್ಟೆ. ಡಾಕ್ಟರ ಹತ್ತಿರ ಹೋಗು ಎಂದೆ. "ಡಾಕ್ಟರ ಮುಂದ ಪಾಳಿ ಇರ್ತದ. ಪಾಳಿಯೊಳಗ ಇವರು ಕೂಡಬೇಕಲ್ಲ." ನಾನೇ ಅವಳ ತಮ್ಮನಿಗೆ ಫೋನ್ ಮಾಡಿಸಿ ಬೈದೆ. ಅವನು ಭಾನುವಾರ ಬರುತ್ತೇನೆ ಎಂದ. ಭಾನುವಾರದ ತನಕ ಬ್ಯಾಟರಿ ಇತ್ತು, ಆಕೆ ಇರಲಿಲ್ಲ.

ಗುರುವಾರ ಸಂಜೆ ಕಾರು ಬಂದು ತನ್ನ ಗೆರೆಯಲ್ಲಿ ನಿಲ್ಲದೆ ಕಂಬಕ್ಕೆ ಓರೆಯಾಗಿ ನಿಂತಿತು. ಅಷ್ಟು ವರ್ಷದಲ್ಲಿ ಆಕೆ ಓರೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಕೆಳಗೆ ಹೋದೆ. ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಿದ್ದಳು, ಮೈ ಕಾದ ಹಂಚು. ಹಿಂದೆ ಅವರು ಎರಡೆರಡು ಬಡಿಯುತ್ತಿದ್ದರು. "ಡ್ರೈವರ್ ಮಲಗ್ಯಾನ. ಡ್ಯೂಟಿ ಮ್ಯಾಲೆ ಮಲಗಬಾರದು," ಎಂದು ನನಗೆ ದೂರು ಹೇಳಿದರು. ವಾಚ್‌ಮನ್ ಮತ್ತು ನನ್ನ ಮಗ ಆಕೆಯನ್ನು ಎತ್ತಿದರು. ಕಾರಿನಲ್ಲಿ ಇನ್ನೂ ಚಾರ್ಜು ಉಳಿದಿತ್ತು. ನನ್ನ ಮಗ ಅದರಲ್ಲೇ ಆಸ್ಪತ್ರೆಗೆ ಒಯ್ದ. ಶನಿವಾರ ನಸುಕಿನಲ್ಲಿ ಹೋದಳು. ನಡುವೆ ಒಮ್ಮೆ ಎಚ್ಚರಾದಾಗ ನಾನಿದ್ದೆ. "ಅವರಿಗೆ ಯಾರು ಅದಾರ ಈಗ?" ಎಂದಳು. "ನನ್ನ ಮಗಾ ಅದಾನ, ವಾಚ್‌ಮನ್ ಅದಾನ, ಆ ಚೇರ್ಮನ್ನೂ ಬಂದಾನ. ಬಾಗಲಾ ಹಿಡದು ಮೂವರೂ ಕೂತಾರ" ಎಂದೆ. ಅದು ಸುಳ್ಳಲ್ಲ, ಖರೆಯೇ ಕೂತಿದ್ದರು. "ಕೇಳಿದ್ರಿ? ಮಂದಿನ್ನ?" ಎಂದು ನನ್ನ ಮೇಲೆ ಸಿಟ್ಟು ಮಾಡಿದಳು. ಅದೇ ಕೊನೆಯ ಮಾತು.

ಮಕ್ಕಳಿಲ್ಲದ್ದಕ್ಕೆ ಗಂಡನೇ ಬೆಂಕಿ ಕೊಡಬೇಕು. ಹೆಣ ಸಾಗಿಸುವ ಗಾಡಿ ಗೇಟಿಗೆ ಬಂತು. ಎಲ್ಲರಿಗೂ ಹೆದರಿಕೆ, ಈ ಮನುಷ್ಯನನ್ನು ಹೇಗೆ ಒಯ್ಯುವುದು ಅಂತ. ಅವರು ಎಲ್ಲರಿಗಿಂತ ಮೊದಲು ಹತ್ತಿದರು. ಚಟ್ಟದ ಪಕ್ಕ ಕೂತು, ಜನ ಹತ್ತುವುದನ್ನು ನೋಡಿ, ಡ್ರೈವರನ ಬೆನ್ನಿನ ತಗಡಿಗೆ ಎರಡು ಸಲ ಬಡಿದರು. ಗಾಡಿ ಹೊರಟಿತು. ಸ್ಮಶಾನದ ತನಕ ಅಷ್ಟು ಶಾಂತವಾಗಿ ಕೂತಿದ್ದರಂತೆ, ನೋಡಿದವರು ಎಷ್ಟು ಧೈರ್ಯದ ಗಂಡ ಎಂದುಕೊಂಡರಂತೆ.

ಮರುದಿನ ಬೆಳಗ್ಗೆ ಎದುರು ಬಾಗಿಲು ಬಡಿಯುವ ಸದ್ದಿಗೆ ಎದ್ದೆ. ಹೋಗಿ ನೋಡಿದರೆ ಆಕೆಯ ತಮ್ಮ, ಕಾರಿನ ಕೀಲಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ತುಟಿ ಒಡೆದಿತ್ತು. ಅಕ್ಕ ಕೂತ ಸೀಟಿನಲ್ಲಿ ಕೂರಲು ತನ್ನಿಂದ ಆಗುವುದಿಲ್ಲ ಎಂದು ಅತ್ತ. ಸೋಮವಾರ ಲೋಣಾವಳಾದ ಆ ಮನೆಯವರಿಗೆ ಫೋನ್ ಮಾಡುತ್ತೇನೆ ಎಂದ.

"ಸೋಮವಾರ ನಾಳಿ. ಇವತ್ತು?" ಎಂದೆ.

ಬಸ್ಸಿಗೆ ಅವರನ್ನು ಆಕೆ ಎಂದೂ ಒಯ್ದಿರಲಿಲ್ಲ. ಅವರ ಜೊತೆ ಕೆಲಸ ಮಾಡಿದವರು ಕಂಡಾರು, ಜನ ನಕ್ಕಾರು ಅಂತ. ನನಗೆ ಅಂಥ ಮರ್ಯಾದೆ ಏನೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬರ್ರಿ ಸಾಹೇಬ, ಹೊತ್ತಾತು" ಎಂದು ಬಾಗಿಲು ತೆಗೆದೆ. ಕೋಥರೂಡ ಡಿಪೋದಲ್ಲಿ ಹೊರಟು ನಿಂತ ಬಸ್ಸು ಹತ್ತಿದೆವು. ನಾನು ಎರಡು ಟಿಕೆಟ್ ತೆಗೆದೆ. ಅವರು ಕೂರಲಿಲ್ಲ. ಕಂಬಿ ಹಿಡಿದು ನಡುವೆ ನಿಂತು, ಮುಂದೆ ಸರಿಯಿರಿ ಮುಂದೆ ಸರಿಯಿರಿ ಎಂದು ಜನರನ್ನು ಸರಿಸತೊಡಗಿದರು. ಒಬ್ಬ ಹುಡುಗಿ ನಕ್ಕು ಸರಿದಳು. ಒಬ್ಬ ಮನುಷ್ಯ ಸರಿಯಲಿಲ್ಲ, ಕೈ ಮುಟ್ಟಬೇಡ ಎಂದು ಚೀರಿದ. ಕಂಡಕ್ಟರ್ ಬಂದು, "ಆಜಿ, ಯಾನ್ನಾ ಘೇಊನ್ ಉತರಾ" ಎಂದು, ಇವರನ್ನು ಕರೆದುಕೊಂಡು ಇಳಿಯಿರಿ ಎಂದ. ತುಮಚ್ಯಾತಲೇಚ್ ಆಹೇತ್, ನಿಮ್ಮವರೇ ಇವರು, ಎಂದೆ. ಅವನು ಒಂದು ಕ್ಷಣ ಅವರ ಖಾಕಿ ಅಂಗಿ ನೋಡಿದ. ಆಮೇಲೆ ಗಂಟೆ ಎಳೆದು ಬಸ್ಸು ನಿಲ್ಲಿಸಿದ.

ಇಳಿದೆವು. ಅವರ ಮಣಿಕಟ್ಟು ಎರಡೂ ಕೈಯಿಂದ ಹಿಡಿದು ನಿಂತೆ. ಅದರ ಹಿಂದೆಯೇ ಇನ್ನೊಂದು ಬಸ್ಸು ಬಂತು. ಅದನ್ನು ಹತ್ತಿದೆವು.